ಬಾಟಲಿಗೆ ವಿನೆಗರ್ ಸುರಿದವನು ನಾನು

ಜಿಲ್ಲಾ ಜಲಪರೀಕ್ಷಾ ಕಚೇರಿಯ ಮುಖ್ಯಸ್ಥರೇ,

ನಿಮ್ಮ ಪ್ರಯೋಗಾಲಯದ ವರ್ಲಿ ಗಿಡ್ರಿಯನ್ನು ‘ಅಜಾಗರೂಕತೆ’ಯ ಹೆಸರಿನಲ್ಲಿ ಕೆಲಸದಿಂದ ತೆಗೆದಿದ್ದೀರಿ. ಮಾದರಿ ನೀರಿನ ಬಾಟಲಿಯನ್ನು ಮೂಗಿನ ಹತ್ತಿರ ತಂದು ತೆರೆದದ್ದು ಅವಳ ಅಪರಾಧವಂತೆ. ನಿಮ್ಮದೇ ಫಾರಂನಲ್ಲಿ ‘ವಾಸನೆ’ ಎಂಬ ಕಾಲಂ ಇದೆಯಲ್ಲ ಸ್ವಾಮಿ, ಅದನ್ನು ಅವಳು ಮೊಣಕೈಯಿಂದ ತುಂಬಬೇಕಿತ್ತೇ? ಆದರೆ ನಿಮ್ಮನ್ನು ಹಂಗಿಸುವ ಯೋಗ್ಯತೆ ನನಗಿಲ್ಲ. ಆ ಬಾಟಲಿಯನ್ನು ಕೆಡಿಸಿದವನು ನಾನು.

ಲೂಯಿಸಿಯಾನಾದ ಈ ನದಿದಂಡೆಯ ಪೆಟ್ರೋಕೆಮಿಕಲ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೊಳೆನೀರು ಬೇಯಿಸುತ್ತಿದ್ದೇನೆ. ಗಂಧಕ ಬೆರೆತ ನೀರನ್ನು ಉಕ್ಕಿನ ಗೋಪುರಕ್ಕೆ ಗಾಳಿಯ ಜೊತೆ ನುಗ್ಗಿಸಿ, ಕುದಿಯದಂತೆ ಒತ್ತಡದಲ್ಲಿ ಹಿಡಿದು, ಇನ್ನೂರು ಡಿಗ್ರಿಗೂ ಮೇಲೆ ಕಾಯಿಸಿದರೆ ವಿಷ ನೀರಿನೊಳಗೇ ಸುಟ್ಟುಹೋಗುತ್ತದೆ. ಚೆನ್ನಾಗಿ ಬೆಂದ ನೀರಿಗೆ ಕೊನೆಗೆ ತೆಳುವಾದ ವಿನೆಗರ್ ವಾಸನೆ, ಅರೆಬೆಂದದ್ದಕ್ಕೆ ಕೊಳೆತ ಮೊಟ್ಟೆಯದು. ಆ ಮಂಗಳವಾರ ಗಾಳಿಯ ಕಂಪ್ರೆಸರ್ ಕೈಕೊಟ್ಟು ನೀರು ಅರೆಬೆಂದಿತ್ತು. ಮಾದರಿ ಒಯ್ಯುವ ನಿಮ್ಮ ವ್ಯಾನು ಗೇಟಿಗೆ ಬಂದಿತ್ತು. ನಿಮ್ಮವರು ವ್ಯಾನಿನ ತಂಪು ಬಿಟ್ಟು ಇಳಿಯುವುದಿಲ್ಲ, ಬಾಟಲಿ ತುಂಬಿಕೊಡುವ ಸೇವೆ ನಮ್ಮದೇ. “ಏನಾದ್ರೂ ಮಾಡೋ ಮಾರಾಯ, ಈ ನೀರು ಹಿಂಗೇ ಹೋದ್ರೆ ಯೂನಿಟ್ಟಿಗೆ ಬೀಗ!” ಅಂದ ನಮ್ಮ ಪಾಳಿಯ ಮೇಲ್ವಿಚಾರಕ ಕ್ಲೋವಿಸ್. ಕ್ಯಾಂಟೀನಿನ ವಿನೆಗರನ್ನು ಬಾಟಲಿಗೆ ಧಾರಾಳವಾಗಿ ಸುರಿದೆ. “ತಗೋ, ಈಗ ಬೆಂತು” ಅಂತ ನಕ್ಕೆ ಕೂಡ.

ಗಂಧಕದ ನೀರಿಗೆ ಹುಳಿ ಬಿದ್ದರೆ ವಿಷಗಾಳಿ ಏಳುತ್ತದೆ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಮೊದಲ ದಿನ ಇದನ್ನು ಹೇಳಿಕೊಡುವವನೇ ನಾನು. ಆ ಗಾಳಿ ಮೊದಲು ಮೂಗನ್ನೇ ಮಂಕು ಮಾಡುತ್ತದೆ, ನಾತ ನಿಂತಿತೆಂದು ನಂಬಬೇಡಿ ಎಂದೂ ಹೇಳುತ್ತೇನೆ. ಮುಚ್ಚಳ ಬಿಗಿಯುವಾಗ ಒಮ್ಮೆ ಗಬ್ಬೆಂದು ನಾತ ಬಂತು, ಆಮೇಲೆ ಬರಲಿಲ್ಲ. ವಿನೆಗರ್ ಕೆಲಸ ಮಾಡಿತು ಅಂದುಕೊಂಡೆ! ಬಾಟಲಿ ವರ್ಲಿಯ ಮೇಜಿಗೆ ಹೋಯಿತು. ಮುಚ್ಚಳ ತೆಗೆದವಳು ಅಲ್ಲೇ ಕುಸಿದಳು.

ವರ್ಲಿ ನನ್ನ ಹೆಂಡತಿಯ ತಂಗಿ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, “ನಿಮ್ಮ ಯೂನಿಟ್ ನೀರು ಯಾವತ್ತೂ ಹಾಗಿರಲ್ಲ ಭಾವ, ನಾನೇ ಏನೋ ಎಡವಟ್ಟು ಮಾಡ್ಕೊಂಡೆ” ಅಂದಳು. ನಾನು ಅವಳ ದಿಂಬು ಸರಿಮಾಡಿದೆ. ಈಗ ಒಲೆಯ ಮೇಲೆ ಗಂಬೋ ಸಾರು ತಳಹತ್ತಿದರೂ ಅವಳಿಗೆ ವಾಸನೆ ತಿಳಿಯುವುದಿಲ್ಲ. ನೀವು ಅವಳನ್ನು ಕೆಲಸದಿಂದ ತೆಗೆದ ಮೇಲೆ ತಪ್ಪು ಅವಳದಲ್ಲವೆಂದು ನಾನು ನಿಮಗೊಂದು ಹೆಸರಿಲ್ಲದ ಪತ್ರ ಹಾಕಿದೆ. ಹೆಸರಿಲ್ಲದ ದೂರನ್ನು ಪರಿಗಣಿಸುವುದಿಲ್ಲ ಎಂದು ನೀವು ಅವಳಿಗೆ ಬರೆದು ತಿಳಿಸಿದಿರಿ. ಅವಳು ನಿಮ್ಮ ಆ ಉತ್ತರವನ್ನು ನನಗೇ ತೋರಿಸಿದಳು: “ಯಾರೋ ಪುಣ್ಯಾತ್ಮರು ನನ್ನ ಪರವಾಗಿ ಬರೆದಿದಾರೆ, ನೋಡಿ ಭಾವ.” ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ವರ್ಲಿಯ ಕೆಲಸ ಅವಳಿಗೆ ಮರಳಿ ಕೊಡಿ. ಅವಳ ಕಡತದಿಂದ ‘ಅಜಾಗರೂಕತೆ’ ಎಂಬ ಪದವನ್ನು ಹೊಡೆದುಹಾಕಿ. ವಿಚಾರಣೆಗೆ ನನ್ನನ್ನು ಕರೆಯಿರಿ. ಇನ್ನು ಮುಂದೆ ನಿಮ್ಮವರು ವ್ಯಾನಿನಿಂದ ಇಳಿದು ಬಾಟಲಿಯನ್ನು ತಾವೇ ತುಂಬಿಕೊಳ್ಳಲಿ.

ಎಲ್ಲರೂ ಓದಲೆಂದು ಇದನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ಕಳಿಸುವ ಮೊದಲು ಈ ಹಾಳೆಗಳನ್ನು ಅವಳ ಕೈಗೆ ಕೊಟ್ಟೆ. ಎರಡು ಸಲ ಓದಿದಳು. ಪೆನ್ನು ನನ್ನ ಕಡೆ ತಳ್ಳಿ, “ರುಜು ಹಾಕಿ, ಆಲ್ಸೀಡ್” ಅಂದಳು. ಭಾವ ಅನ್ನಲಿಲ್ಲ.

ಇಂತಿ, ಈ ಸಲ ಹೆಸರು ಹಾಕಿರುವ
ಆಲ್ಸೀಡ್ ರೋಮೆರೊ