ಕೃಪಾಳನ್ನು ಕರೆದೊಯ್ಯುವ ವಿಚಾರ

ಕೊಂಡಾಪುರ, ಹೈದರಾಬಾದ್
೧೪ ಜೂನ್ ೨೦೦೬

ಪೂಜ್ಯ ಮಾವನವರಿಗೆ ಜಯತೀರ್ಥನ ನಮಸ್ಕಾರಗಳು.

ಕೃಪಾಳ ಆಪರೇಷನ್ ಚೆನ್ನಾಗಿ ಆಯಿತು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆಯನ್ನು ಮೂಗಿನ ಮೂಲಕವೇ ತೆಗೆದರು. ಆದರೆ ಆ ಗಡ್ಡೆಯಿಂದ ದಪ್ಪವಾದ ದವಡೆ, ಅಗಲವಾದ ಕೈಗಳು ಇನ್ನು ಮೊದಲಿನಂತೆ ಆಗುವುದಿಲ್ಲವಂತೆ. ಮಕ್ಕಳಾಗುವುದೂ ಕಷ್ಟ ಎಂದರು. ನನ್ನ ಆಫೀಸಿನವರು ಅವಳನ್ನು ನನ್ನ ಅಕ್ಕ ಎಂದುಕೊಳ್ಳುತ್ತಾರೆ. ನಾನೂ ತಿದ್ದುವುದನ್ನು ಬಿಟ್ಟಿದ್ದೇನೆ.

ಗಚ್ಚಿಬೌಲಿಯ ಹೊಸ ಫ್ಲ್ಯಾಟಿಗೆ ನಾನೊಬ್ಬನೇ ಹೋಗುತ್ತಿದ್ದೇನೆ. ಭಾನುವಾರ ರಾಯಚೂರಿನಿಂದ ಬಂದು ಅವಳನ್ನು ಕರೆದುಕೊಂಡು ಹೋಗಿ. ವಿಚ್ಛೇದನದ ನೋಟಿಸು ನಿಮ್ಮ ವಿಳಾಸಕ್ಕೇ ಬರುತ್ತದೆ. ಅವಳಿಗೆ ನಾನು ಏನೂ ಹೇಳಿಲ್ಲ. ಆರೈಕೆಗೆಂದು ತವರಿಗೆ ಹೋಗುತ್ತಿದ್ದೇನೆ ಎಂದುಕೊಂಡಿದ್ದಾಳೆ. ನಿನ್ನೆ ರೊಟ್ಟಿಗೆ ಹಿಟ್ಟು ನಾದುತ್ತಾ, "ನಾ ಹೋದ ಮ್ಯಾಲ ನಿಮ್ಮ ಊಟದ್ದು ಹೆಂಗ್ರಿ? ಭಾಳ ದಿನ ಇರಂಗಿಲ್ಲ, ಲಗೂನ ಬರ್ತೀನಿ" ಅಂದಳು.

"ಅವಸರ ಏನಿಲ್ಲ" ಅಂದೆ.

ಬಂದಾಗ ದಯವಿಟ್ಟು ಬಾಗಿಲಲ್ಲಿ ನಿಂತು ಜಗಳ ತೆಗೆಯಬೇಡಿ. ಅಕ್ಕಪಕ್ಕದವರೆಲ್ಲ ನಮ್ಮ ಕಂಪನಿಯವರೇ.

ಇನ್ನೊಂದು ಮುಖ್ಯ ವಿಷಯ. ಆಘಾತವನ್ನು ತಡೆದುಕೊಳ್ಳಲು ಬೇಕಾದ ಹಾರ್ಮೋನು ಅವಳ ಮೈಯಲ್ಲಿ ಈಗ ತಾನಾಗಿ ಉತ್ಪತ್ತಿಯಾಗುವುದಿಲ್ಲ. ಅದಕ್ಕೆ ದಿನವೂ ಮಾತ್ರೆ ಕೊಡಬೇಕು. ಜ್ವರ ಬಂದರೆ, ಇಲ್ಲವೇ ಮನಸ್ಸಿಗೆ ದೊಡ್ಡ ಪೆಟ್ಟು ಬಿದ್ದರೆ, ಎರಡು ಪಟ್ಟು ಕೊಡಬೇಕೆಂದು ಡಾಕ್ಟರು ಹೇಳಿದ್ದಾರೆ. ಅವಳಿಗೆ ವಿಷಯ ತಿಳಿಸುವ ದಿನ ಮರೆಯದೆ ಎರಡು ಪಟ್ಟು ಕೊಡಿ.

ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಅಳಿಯ,
ಜಯತೀರ್ಥ