ನೂರಕ್ಕೆ ತೊಂಬತ್ತೆಂಟು ಮೊಳಕೆ

ಯಾರ್ಕ್‌ಟನ್,
ಏಪ್ರಿಲ್ 4

ಮುದ್ದು ಲರಿಸಾ,

ಮೊನ್ನೆ ಫೋನಿನಲ್ಲಿ ನನ್ನ ಓದು, ಹೊರಡುವ ವಿಷಯ ನೀನು ಕೇಳಿದಾಗ ಬೇಕೆಂದೇ ಮಾತು ಮರೆಸಿದೆ. ನಿಮ್ಮಪ್ಪ ಪಕ್ಕದಲ್ಲೇ ಕೂತಿದ್ದರು. ಈಗ ಹಿಮ ಬಾಚಲು ಹೊರಗೆ ಹೋಗಿದ್ದಾರೆ, ಸಮಾಧಾನವಾಗಿ ಬರೆಯುತ್ತೇನೆ.

ಸಂಖ್ಯಾಶಾಸ್ತ್ರದಲ್ಲಿ ಪಾಸಾದರೆ ಸೆಪ್ಟೆಂಬರಿನಲ್ಲಿ ರಿಜೈನಾದಲ್ಲಿ ನರ್ಸಿಂಗ್ ಸೀಟು, ನಿನ್ನ ಮನೆಯಲ್ಲಿ ವಾಸ. ಫೇಲಾದರೆ ಮತ್ತೆ ಇಲ್ಲಿಯ ಶಾಲೆಯ ಅಡುಗೆಮನೆ ಕೆಲಸವೇ. ನಾನು ಕಾಲೇಜಿಗೆ ಸೇರಿದ ದಿನ ನಿಮ್ಮಪ್ಪ "ಐವತ್ಮೂರಕ್ಕೆ ಓದಾ?" ಎಂದರು. ಆಮೇಲೆ ಆ ವಿಷಯವನ್ನೇ ಎತ್ತಲಿಲ್ಲ. ಚಳಿಗಾಲವಿಡೀ ಇಬ್ಬರೂ ಹವಾಮಾನವನ್ನೇ ಮಾತಾಡಿಕೊಂಡು ಕಳೆದೆವು. ಒಬ್ಬಳೇ ಬಂದುಬಿಡುತ್ತೇನೆಂದು ನಿನಗೆ ಹೇಳಿದ್ದು ಕೋಪದಲ್ಲಲ್ಲ ಕಣೇ, ಬೇಸತ್ತು. ಅದನ್ನು ಅವರಿಗೆ ಹೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ.

ಪಾಠ ಹೇಳುವ ಮಿಸ್ ಥೀಸೆನ್‌ಗೆ ಹೆಚ್ಚುಕಡಿಮೆ ನಿನ್ನ ವಯಸ್ಸು. ಕ್ಲಾಸಿನ ಪ್ರತಿಯೊಬ್ಬರಿಗೂ ಒಂದೇ ಚೀಲದಿಂದ ನೂರು ಮೂಲಂಗಿ ಬೀಜ ಎಣಿಸಿ ಕೊಟ್ಟಳು. ನೂರರಲ್ಲಿ ಎಂಬತ್ತು ಹುಟ್ಟುವ ಬೀಜ ಅವು. ಪ್ರತಿ ಬೀಜವೂ ಒಂದೋ ಹುಟ್ಟುತ್ತದೆ, ಇಲ್ಲವೇ ಹುಟ್ಟುವುದಿಲ್ಲ. ಒಂದರ ಹಣೆಬರಹಕ್ಕೂ ಇನ್ನೊಂದರದಕ್ಕೂ ಸಂಬಂಧವಿಲ್ಲ. ಇಷ್ಟಿದ್ದರೆ ಅದಕ್ಕೆ ಸಂಖ್ಯಾಶಾಸ್ತ್ರದಲ್ಲಿ ದ್ವಿಪದ ವಿತರಣೆ ಎಂದು ಹೆಸರು. ಹೆಚ್ಚಿನವರಿಗೆ ಎಪ್ಪತ್ತೆರಡರಿಂದ ಎಂಬತ್ತೆಂಟರೊಳಗೆ ಹುಟ್ಟಬೇಕು, ಎಲ್ಲರ ಲೆಕ್ಕವನ್ನೂ ಒಂದೊಂದು ಚುಕ್ಕಿಯಾಗಿ ಬೋರ್ಡಿನ ಮೇಲೆ ಒಟ್ಟಿದರೆ ಗಂಟೆಯ ಆಕಾರ ಬರಬೇಕು. ಅದಕ್ಕೇ ನಾರ್ಮಲ್ ಎನ್ನುತ್ತಾರೆ. ಈ ಪ್ರಯೋಗ ಕೆಟ್ಟರೆ ಪಾಸಾಗುವ ಮಾತೇ ಇಲ್ಲ.

ಮೊಟ್ಟೆಯ ಟ್ರೇಗಳಿಗೆ ಮಣ್ಣು ತುಂಬಿ, ಗುಣಿಗೊಂದರಂತೆ ಬೀಜ ಹಾಕಿ ಅಡುಗೆಮನೆ ಕಿಟಕಿಯಲ್ಲಿಟ್ಟೆ. ಬೆಳಿಗ್ಗೆ ಎದ್ದು ಖಾಲಿ ಗುಣಿ ನೋಡಿ ಲೊಚಗುಟ್ಟುವುದೇ ನನ್ನ ಕೆಲಸವಾಯಿತು. ಆದರೂ ಕೊನೆಗೆ ತೊಂಬತ್ತೆಂಟು ಹುಟ್ಟಿದವು. ಬೀಗಿಕೊಂಡು ಕ್ಲಾಸಿಗೆ ಹೋದೆ.

ಬೋರ್ಡಿನ ಮೇಲೆ ಎಲ್ಲರ ಚುಕ್ಕಿಗಳೂ ಎಂಬತ್ತರ ಸುತ್ತ ಗುಡ್ಡೆ ಬಿದ್ದಿದ್ದವು. ನನ್ನದೊಂದೇ ದೂರದಲ್ಲಿ, ಲೈಟಿನ ಸ್ವಿಚ್ಚಿನ ಹತ್ತಿರ ನಿಂತಿತ್ತು. ಮೂಲಂಗಿಗೆ ಚರ್ಚಿನ ತೀರ್ಥ ಹಾಕಿದೆಯಾ ಎಂದು ಪಕ್ಕದ ಬೆವ್ ಕಿಚಾಯಿಸಿದಳು. ಕ್ಲಾಸು ಮುಗಿದ ಮೇಲೆ ಮಿಸ್ ಥೀಸೆನ್ ನನ್ನನ್ನು ನಿಲ್ಲಿಸಿಕೊಂಡಳು.

"ಮಾರ್ಲೀನ್, ಇದು ಕೋಟಿಗೆ ಒಂದ್ಸಲಾನೂ ಆಗೋದಿಲ್ಲ. ಲೆಕ್ಕ ನೀವೇ ಕಟ್ಟಿ ಬರ್ದಿದ್ರೆ ನಾನು ಸೊನ್ನೆ ಕೊಡ್ಬೇಕಾಗುತ್ತೆ."

ಮೈಯೆಲ್ಲ ಉರಿದುಹೋಯಿತು. ಆದರೆ ಕಾರಿನಲ್ಲಿ ಕೂತು ನಾನೇ ಲೆಕ್ಕ ಹಾಕಿದೆ. ಸರಾಸರಿ ಎಂಬತ್ತು, ಅದರಿಂದ ಆಚೀಚೆ ಸರಿಯುವ ಒಂದೊಂದು ಹೆಜ್ಜೆಗೆ ನಾಲ್ಕು ಮೊಳಕೆ. ಮೂರು ಹೆಜ್ಜೆಯಾಚೆಗೇ ಹೆಚ್ಚುಕಡಿಮೆ ಯಾರೂ ಸಿಗುವುದಿಲ್ಲ, ನಾನು ನಾಲ್ಕನ್ನೂ ದಾಟಿದ್ದೆ. ಅವಳು ಹೇಳಿದ್ದು ಸರಿ. ನಾನು ಸುಳ್ಳು ಬರೆದಿಲ್ಲವೆಂದರೆ ಟ್ರೇಗೆ ಬೇರೆ ಯಾರದೋ ಕೈ ಬಿದ್ದಿದೆ. ನಮ್ಮ ಮನೆಯಲ್ಲಿ ಇರುವುದು ಇಬ್ಬರೇ.

ಮನೆಗೆ ಬಂದಾಗ ನಿಮ್ಮಪ್ಪ ಪೆರೋಗಿ ಕಡುಬಿನ ಅಂಚು ಒತ್ತುತ್ತಾ ಕೂತಿದ್ದರು. ಟ್ರೇ ಮುಟ್ಟಿದಿರಾ ಎಂದು ಕೇಳಿದೆ. ಇನ್ನೊಂದು ಅಂಚು ಒತ್ತುತ್ತಲೇ ಹೇಳಿದರು.

"ಖಾಲಿ ಗುಣಿ ಕಂಡಾಗೆಲ್ಲ ನೀನು ಲೊಚ್ ಅಂತಿದ್ದೆ. ಹುಟ್ದೇ ಇದ್ರೆ ಫೇಲ್ ಮಾಡ್ತಾರೇನೋ ಅಂದ್ಕೊಂಡೆ. ಗ್ಯಾರೇಜಲ್ಲಿ ಬೇರೆ ಮೊಳಕೆ ಬರಿಸಿ ತಂದು ನೆಟ್ಟೆ."

ಹಾಗಾದರೆ ಎರಡನ್ನು ಯಾಕೆ ಬಿಟ್ಟಿರಿ ಎಂದೆ.

"ಅನುಮಾನ ಬರಬಾರ್ದಲ್ಲ."

ನಗು ತಡೆಯಲಾಗಲಿಲ್ಲ ಲರಿಸಾ. ನಗುತ್ತ ನಗುತ್ತ ಅಳುವೇ ಬಂತು. ಜೀವಮಾನವೆಲ್ಲ ಗೋಧಿಯ ಗೋದಾಮಿನಲ್ಲಿ ದುಡಿದ ಮನುಷ್ಯನಿಗೆ ಸಾಲಿನಲ್ಲಿ ಬರಿದು ಜಾಗ ಕಂಡರೆ ಬೆಳೆ ಕೆಟ್ಟಂತೆಯೇ ಲೆಕ್ಕ. ನನ್ನ ಟ್ರೇಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ ಎಂದುಕೊಂಡಿದ್ದೆನಲ್ಲ ನಾನು.

ಮಾರನೆಯ ದಿನ ತಾವೇ ಕಾಲೇಜಿಗೆ ಬಂದು, ಟೋಪಿ ಕೈಯಲ್ಲಿ ಹಿಡಿದು ಮಿಸ್ ಥೀಸೆನ್‌ಗೆ ಎಲ್ಲ ಒಪ್ಪಿಸಿದರು. ಅವಳು ನಗು ನುಂಗಿಕೊಂಡು ನನಗೆ ಹೊಸ ಬೀಜ ಕೊಟ್ಟಳು, ಟ್ರೇಗಳನ್ನು ತನ್ನ ಕೋಣೆಯಲ್ಲೇ ಇಟ್ಟುಕೊಂಡಳು. ನಿನ್ನೆ ಎಣಿಸಿದೆವು, ಎಪ್ಪತ್ತಾರು. ಬೋರ್ಡಿನ ಆ ಗಂಟೆಯಾಕಾರದೊಳಗೆ ಎಲ್ಲರ ಜೊತೆ ನಾನೂ ಸೇರಿದೆ. ಕೊನೆಯ ಪರೀಕ್ಷೆಯೊಂದು ಉಳಿದಿದೆ, ಅದರ ಹೆದರಿಕೆ ನನಗಿಲ್ಲ. ನಿಮ್ಮಪ್ಪ ಮಾತ್ರ ಹುಟ್ಟದ ಇಪ್ಪತ್ತನಾಲ್ಕಕ್ಕೆ ಊಟ ಮುಗಿಯುವವರೆಗೂ ಮರುಗಿದರು.

ನಿನ್ನ ಪ್ರೀತಿಯ ಅಮ್ಮ,
ಮಾರ್ಲೀನ್

ವಿ.ಸೂ.: ಇವತ್ತು ಕಾಫಿ ಕುಡಿಯುವಾಗ ರಿಜೈನಾದ ಮಾತನ್ನು ಅವರೇ ತೆಗೆದರು. ನಾನು ಒಬ್ಬಳೇ ಹೊರಡುವ ವಿಷಯ ಅವರಿಗೆ ಜನವರಿಯಿಂದಲೇ ಗೊತ್ತಂತೆ. ನಮ್ಮ ಗೋಡೆ ತೆಳು, ಫೋನಿನಲ್ಲಿ ನನ್ನ ಗಂಟಲು ದೊಡ್ಡದು. ಪಾಸಾದರೆ ನಾನು ಬಿಟ್ಟು ಹೋಗುತ್ತೇನೆಂದು ತಿಳಿದಿದ್ದೂ ಆ ಮೊಳಕೆಗಳನ್ನು ನೆಟ್ಟಿದ್ದಾರೆ. ನೀನು ನನಗೆಂದು ಇಟ್ಟಿರುವ ಕೋಣೆಗೆ ಇಬ್ಬರು ಮಲಗುವ ಮಂಚ ಹಿಡಿಸುತ್ತದೆಯೇ ನೋಡಿ ಬರೆ.