ಮಾವನ ಕಿವಿ, ನನ್ನ ಕಿವಿ

ಮಾರ್ಚ್ 3, ಮಧ್ಯಾಹ್ನ

ಬೆಳಿಗ್ಗೆಯಿಂದ ಅಂಗಡಿಯಲ್ಲಿ ಐದು ಕಿವಿ. ಮೂರಕ್ಕೆ ಅಚ್ಚು ತೆಗೆದೆ, ಎರಡಕ್ಕೆ ಕೇಳಿಸುವ ಮಿಷನ್ ಕೂರಿಸಿದೆ. ಒಬ್ಬ ಅಜ್ಜಿ ಮೊಮ್ಮಗಳ ದನಿ ಕೇಳಿದ್ದೇ ನನ್ನ ಕೈ ಹಿಡಿದುಕೊಂಡವರು ಬಿಡಲೇ ಇಲ್ಲ.

ಊರಿಗೆಲ್ಲ ಕಿವಿ ಕೊಡುವವಳು ನಾನು. ಮನೆಯಲ್ಲಿ ಮಾವನ ಮಿಷನ್ ಎರಡು ತಿಂಗಳಿಂದ ಡಬ್ಬಿಯೊಳಗೆ ನಿದ್ದೆ ಹೊಡೆಯುತ್ತಿದೆ. ನಮ್ಮ ಟೀವಿ ಪಕ್ಕದ ಮನೆಯವರಿಗೂ ಕೇಳುತ್ತದೆ. "ಯಾಕೆ ಹಾಕ್ಕೊಳಲ್ಲ ಮಾವ?" ಅಂದರೆ, "ಹಾಕ್ಕೊಂಡಿದೀನಲ್ಲ" ಎಂದು ಸ್ವೆಟರ್ ತೋರಿಸುತ್ತಾರೆ. ಬೇಕೆಂದೇ ಮಾಡುವುದು. ಗೊತ್ತು ನನಗೆ.

ಮಾರ್ಚ್ 4

ರೇಗಿಬಿಟ್ಟೆ. "ಎಲ್ಲರೂ ಹಾಕ್ಕೊಳ್ತಾರೆ, ನಿಮಗೊಬ್ಬರಿಗೆ ಏನು ಕಷ್ಟ?" ಅದು ಮಾತ್ರ ಚೆನ್ನಾಗಿ ಕೇಳಿಸಿತು. ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಎದ್ದರು. ನನ್ನ ಗಂಡ, ಇಂಥ ಹೊತ್ತಿನಲ್ಲಿ ಮನೆಯ ನಿಜವಾದ ಕಿವುಡರು, ತಲೆ ಎತ್ತಲಿಲ್ಲ.

ಮಾರ್ಚ್ 9, ಭಾನುವಾರ

ಮನೆ ಕೀಲಿ ಮಾವನ ಹತ್ತಿರ ಉಳಿದಿತ್ತು. ಅವರು ಕೇರಂ ಆಡುವ ಕೋಣೆಗೆ ಹೋದೆ. ನಾಲ್ವರು ಗೆಳೆಯರು. ಗಡಿಯಾರ ರಿಪೇರಿಯವರು ಏನೋ ಜೋಕು ಹೇಳಿದರು. ಎಲ್ಲರೂ ನಕ್ಕರು. ಮಾವನೂ ನಕ್ಕರು... ಅರ್ಧ ಕ್ಷಣ ತಡವಾಗಿ. ಎದುರು ಕೂತ ಡ್ರೈವರ್ ಮಾಮನ ಮುಖ ನೋಡಿ, ಆಮೇಲೆ. ಮತ್ತೊಂದು ಜೋಕು. ಮತ್ತೆ ಹಾಗೇ.

ಕೀಲಿ ಕೇಳುವುದು ಮರೆತು ಬಾಗಿಲಲ್ಲೇ ನಿಂತಿದ್ದೆ. ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಕಿವಿ ಪರೀಕ್ಷೆಯ ಯಾವ ಗ್ರಾಫೂ ನನಗೆ ಇದನ್ನು ತೋರಿಸಿರಲಿಲ್ಲ.

ಮಾರ್ಚ್ 10

ಮಿಷನ್ ಸರಿಯಿದೆಯಾ ಅಂತ ನಾವು ಕೇಳಿನೋಡುವ ನಳಿಕೆಯನ್ನು ಮಾವನದಕ್ಕೆ ಸಿಕ್ಕಿಸಿ ನನ್ನ ಕಿವಿಗೆ ಹಚ್ಚಿಕೊಂಡೆ. ಅಂಗಡಿಯಲ್ಲಾದರೆ ಐದು ಸೆಕೆಂಡು, "ಒಂದು, ಎರಡು, ಮೂರು", ಮುಗಿಯಿತು. ಇವತ್ತು ಅಡುಗೆಮನೆಯಲ್ಲಿ ಅರ್ಧ ಗಂಟೆ. ಅಬ್ಬಾ! ಕುರ್ಚಿ ಎಳೆದರೆ ಎದೆ ಝಲ್ಲೆನ್ನುತ್ತದೆ. ಚಮಚ ಬಿದ್ದರೆ ಬಾಂಬು. ನನ್ನ ಕಿವಿಗೆ ಜಾಸ್ತಿಯೇ ಕೇಳುತ್ತದೆ, ನಿಜ. ಆದರೂ...

ಕುರ್ಚಿ ಕಾಲಿಗೆಲ್ಲ ಬಟ್ಟೆ ಅಂಟಿಸಿದೆ. ಮಿಷನ್ ಸದ್ದು ತಗ್ಗಿಸಿದೆ. "ಮೊನ್ನೆ ಕೂಗಾಡಿದ್ದು ತಪ್ಪಾಯ್ತು ಮಾವ" ಅಂದೆ. ಹಾಕಿಕೊಂಡರು! ಇಡೀ ಸಂಜೆ ನನ್ನ ಮೇಲೆ ನನಗೇ ಮೆಚ್ಚುಗೆ.

ಮಾರ್ಚ್ 16, ಸಂಜೆ ಐದು

ಮೆಚ್ಚುಗೆ ವಾಪಸ್.

ವಾರವಿಡೀ ಮನೆಯಲ್ಲಿ ಹಾಕಿಕೊಂಡರು. ಇವತ್ತು ಕೇರಂಗೆ ಹೊರಡುವಾಗ ನೋಡುತ್ತೇನೆ, ಕೈ ಕಿವಿಗೆ ಹೋಗುತ್ತಿದೆ. ತೆಗೆಯಲಿಕ್ಕೆ! ನಾಲಿಗೆ ತುದಿಗೆ ಬಂದದ್ದನ್ನು ನುಂಗಿ ಮೆಟ್ಟಿಲ ಮೇಲೆ ಅವರ ಪಕ್ಕ ಕೂತೆ.

"ಅಲ್ಲಿ ನಿಮಗೆ ಹೇಗನ್ಸತ್ತೆ ಮಾವ? ಹೇಳಿ. ನಾನೇನೂ ಅನ್ನಲ್ಲ."

ಬಗ್ಗಿ ಚಪ್ಪಲಿ ಪಟ್ಟಿ ಎಳೆದರು.

"ಮೂರು ವರ್ಷದಿಂದ ಅವರ ಜೋಕಿಗೆಲ್ಲ ನಕ್ಕಿದೀನಿ ಕಣಮ್ಮ. ಒಂದೂ ಕೇಳಿಸಿಲ್ಲ. ಈಗ ಇದನ್ನ ಹಾಕ್ಕೊಂಡು ಹೋದ್ರೆ, ಇಷ್ಟು ದಿನ ನಕ್ಕಿದ್ದೆಲ್ಲ ಸುಳ್ಳು ಅಂತ ಗೊತ್ತಾಗಲ್ವಾ? ಪಾಪ, ಬೇಜಾರು ಮಾಡ್ಕೊಳ್ತಾರೆ."

ನಾನು ಕುರ್ಚಿ ಕಾಲು ನೋಡುತ್ತಿದ್ದೆ. ಇವರು ಗೆಳೆಯರ ಮನಸ್ಸು ನೋಡುತ್ತಿದ್ದರು. ಕೇಳದೇ ಇದ್ದಿದ್ದರೆ ಸಾಯುವ ತನಕ ಗೊತ್ತಾಗುತ್ತಿರಲಿಲ್ಲ.

ಬುದ್ಧಿವಾದ ಹೇಳಲು ಮನಸ್ಸಾಗಲಿಲ್ಲ. "ನಿಮ್ಮ ಮಗನ ಜೋಕಿಗೆ ನಾನು ಒಂಬತ್ತು ವರ್ಷದಿಂದ ನಗ್ತಿದೀನಿ" ಅಂದೆ. "ಅದೂ ಎಲ್ಲಾ ಚೆನ್ನಾಗಿ ಕೇಳಿಸಿ!"

ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂಚೂರೂ ತಡವಾಗದೆ. ಆದರೂ ಮಿಷನ್ ಡಬ್ಬಿಯಲ್ಲಿಟ್ಟೇ ಹೊರಟರು. ಬಲವಂತ ಮಾಡಲಿಲ್ಲ.

ಮಾರ್ಚ್ 23, ಸಂಜೆ ಏಳು

ಡಬ್ಬಿ ಖಾಲಿ!! ಹಾಕಿಕೊಂಡೇ ಹೋಗಿದ್ದಾರೆ. ಬಾಗಿಲಿಗೂ ಕಿಟಕಿಗೂ ಓಡಾಡಿ ಸಾಕಾಯಿತು. ಕೊನೆಗೂ ಬಂದರು. ಮುಖವೆಲ್ಲ ನಗು.

"ಹೇಳಿಬಿಟ್ಟೆ ಕಣಮ್ಮ. ಡ್ರೈವರ್ ಏನಂದ ಗೊತ್ತಾ? 'ಅಯ್ಯೋ, ನಂಗೂ ಸರಿಯಾಗಿ ಕೇಳಲ್ಲ ಕಣೋ! ನಿನ್ನ ಮುಖ ನೋಡ್ಕೊಂಡೇ ನಗ್ತಿದ್ದೆ!'"

"ನೀವು ಅವರ ಮುಖ ನೋಡಿ ನಗ್ತಿದ್ರಿ. ಮತ್ತೆ ಮೊದಲು ನಗ್ತಿದ್ದೋರು ಯಾರು?"

"ಅದೇ ಇಬ್ರಿಗೂ ಗೊತ್ತಾಗ್ತಿಲ್ಲ."

"ಗಡಿಯಾರದವರಿಗೆ ಬೇಜಾರಾಯ್ತಾ?"

"ಅವನಿಗಾ? ಮೂರು ವರ್ಷದ್ದೆಲ್ಲ ಮತ್ತೆ ಮೊದಲಿಂದ ಹೇಳ್ತೀನಿ ಅಂತ ಕೂತ!"

"ಹೇಗಿತ್ತು ಜೋಕು?"

ಮಾವ ದನಿ ತಗ್ಗಿಸಿದರು. "ಕೇಳಿಸದೇ ಇದ್ದಾಗಲೇ ಚೆನ್ನಾಗಿತ್ತು."

ಮಾರ್ಚ್ 25

ಡ್ರೈವರ್ ಮಾಮ ಅಂಗಡಿಗೆ ಬಂದರು. ಜೊತೆಗೆ ಮಾವ, ಕೈ ಹಿಡಿದುಕೊಂಡು. ಫಾರಂ ಪಕ್ಕಕ್ಕಿಟ್ಟೆ. "ನಿಮಗೆ ಎಲ್ಲೆಲ್ಲಿ ಕಷ್ಟ ಆಗತ್ತೆ, ಹೇಳಿ" ಅಂದೆ. ಮುಕ್ಕಾಲು ಗಂಟೆ ಹೇಳಿದರು. ಮುಂದಿನ ಗಿರಾಕಿ ಗಡಿಯಾರ ನೋಡಿಕೊಂಡರು. ನೋಡಿಕೊಳ್ಳಲಿ.

ಮಾರ್ಚ್ 29, ಬೆಳಿಗ್ಗೆ ಆರೂವರೆ

ಮನೆ ಇನ್ನೂ ಎದ್ದಿಲ್ಲ ಅಂದುಕೊಂಡು ಬರೆಯಲು ಕೂತೆ. ಪಕ್ಕದ ಕೋಣೆಯಿಂದ ದನಿ: "ಪೆನ್ನಿನ ಸದ್ದು ಕೇಳ್ತಿದೆ! ಏನಮ್ಮಾ ಬರೀತಿದೀಯ, ನನ್ನ ಮೇಲಾ?"

ಇಲ್ಲ ಮಾವ, ಸಾಮಾನಿನ ಪಟ್ಟಿ ಅಂದೆ.

ನಂಬಿದ ಹಾಗಿಲ್ಲ. ಮಂಚ ಕಿರುಗುಟ್ಟಿತು. ಹೆಜ್ಜೆ ಸದ್ದು ಇತ್ತಲೇ ಬರು—